ಕ್ರಿ.ಶ. 1429ರ ರೈತಕೂಟ: ತಮಿಳು ಶಾಸನಗಳಲ್ಲಿ ವಿಜಯನಗರದ ಆಡಳಿತ

ಕ್ರಿ.ಶ. 1348ರಲ್ಲಿ ಇಂಗ್ಲೆಂಡನ್ನು ಹೊಕ್ಕ ಮಹಾಮಾರಿಯು ಅಲ್ಲಿನ ಜನರಲ್ಲಿ ಮೂರನೆಯ ಒಂದು ಪಾಲನ್ನಾದರೂ ಬಲಿತೆಗೆದುಕೊಂಡಿತು. ದುಡಿಯುವ ಕೈಗಳು ವಿರಳವಾದಂತೆ ಕೂಲಿ ಏರಿತು. ಅದನ್ನು ಹಿಂದಿನ ಮಟ್ಟಕ್ಕೆ ಕಟ್ಟಿಹಾಕಲು 1351ರಲ್ಲಿ ಕಾಯಿದೆ ಬಂದಿತು. ಮುಂದೆ ತಲೆಗಂದಾಯವೂ ಸೇರಿಕೊಂಡಾಗ, 1381ರಲ್ಲಿ ರೈತರು ದಂಗೆಯೆದ್ದರು. ಇದು ಸುಪರಿಚಿತ ವೃತ್ತಾಂತ. ಆದರೆ ಅರ್ಧ ಶತಮಾನ ಕಳೆಯುವ ಮೊದಲೇ, ವಿಜಯನಗರದ ಆಳ್ವಿಕೆಯಲ್ಲಿದ್ದ ತಮಿಳು ನಾಡಿನಲ್ಲಿ ತಲೆದೋರಿದ ರೈತರ ಪ್ರತಿಭಟನೆ ಕನ್ನಡಿಗರಿಗೆ ಅಷ್ಟಾಗಿ ತಿಳಿಯದು.

ಕುಮಾರ ಕಂಪಣನ ದಂಡಯಾತ್ರೆಗಳ ತರುವಾಯ ಈ ಸೀಮೆಗಳು ಪ್ರಧಾನಿಗಳಿಗೆ ಜೀವಿತವಾಗಿ ಹಂಚಿಹೋದವು. ಇಮ್ಮಡಿ ದೇವರಾಯನ ಕಾಲಕ್ಕೆ ಸೇರಿದ, 1429ರ ಆಡುತುರೈ, ತಿರುವೈಗಾವೂರು, ಕೊರುಕ್ಕೈ ಮೊದಲಾದ ಊರುಗಳ ಶಾಸನಗಳು ಇದರ ಫಲವನ್ನು ಹೇಳುತ್ತವೆ. ಪರಸ್ಪರ ಸ್ಪರ್ಧಿಗಳಾಗಿದ್ದ ಬಲಗೈಯ 98 ಮತ್ತು ಎಡಗೈಯ 98 ಪಂಗಡಗಳು ಒಂದುಗೂಡಿ, ಬೆಳೆಗೆ ತಕ್ಕ ನ್ಯಾಯವಾದ ತೆರಿಗೆಯನ್ನಲ್ಲದೆ ಬೇರೇನನ್ನೂ ಕೊಡಲಾಗದೆಂದು ನಿರ್ಣಯಿಸಿದವು.

ಈ ಶಾಸನಗಳಲ್ಲಿ ಮಹಾಮಾರಿಯ ಮಾತಿಲ್ಲ. ಆದರೂ ದುಡಿಮೆಯ ಕೈಗಳ ಪ್ರಶ್ನೆ ಇಲ್ಲಿಯೂ ಇದೆ. ಒಕ್ಕಲು ಊರು ತೊರೆದರೆ ಹೊಲ ಬೀಳುಬೀಳುತ್ತಿತ್ತು, ಬೊಕ್ಕಸ ಬರಿದಾಗುತ್ತಿತ್ತು. ಬಿಟ್ಟು ಹೋದವರನ್ನು ಮರಳಿ ಕರೆತರಲು ತೆರಿಗೆಯ ರಿಯಾಯಿತಿ ಕೊಟ್ಟ ನಿದರ್ಶನಗಳು ವಿಜಯನಗರದ ಶಾಸನಗಳಲ್ಲಿ ದೊರೆಯುತ್ತವೆ. ಇಂಗ್ಲೆಂಡಿನಲ್ಲಿ ಸಾವು ಉಂಟುಮಾಡಿದ ಕೊರತೆಯನ್ನು ಇಲ್ಲಿ ವಲಸೆಯು ಉಂಟುಮಾಡಬಲ್ಲದಾಗಿತ್ತು. ಓಡಿಹೋಗುವುದೇ ರೈತನ ಹಳೆಯ ಆಯುಧ. ತಿರುವೈಗಾವೂರಿನ ಜನರೂ ಮೊದಲು ಅದಕ್ಕೇ ಸಿದ್ಧರಾಗಿದ್ದರು. ಮಂಡಲದವರೆಲ್ಲ ಒಂದಾಗದೆ ಇದ್ದುದೇ ಅನ್ಯಾಯಕ್ಕೆ ಎಡೆಯಾಯಿತೆಂದು ಕಂಡುಕೊಂಡ ಮೇಲೆ ನೆಲದಲ್ಲಿಯೇ ನಿಂತರು. ವಲಸೆಯ ಬೆದರಿಕೆ ಕೂಟದ ಬಲವಾಗಿ ಮಾರ್ಪಟ್ಟುದು ಇಲ್ಲಿಯ ವಿಶೇಷ.

ಆಡುತುರೈಯ ಶಾಸನವು ಈ ಕಷ್ಟಗಳ ಮೊದಲನ್ನು ಕನ್ನಡಿಗರ ಆಳ್ವಿಕೆಯ ಕಾಲದಿಂದ ಎಣಿಸುತ್ತದೆ. ಹಂಪೆಯ ವೈಭವವನ್ನು ಕೊಂಡಾಡುವವರಿಗೆ ಇದು ಹಿತವಾದ ಮಾತಲ್ಲ. ಆದರೂ ತಮಿಳು ನೆಲದಲ್ಲಿ ಬಾಳುವ ಕನ್ನಡಿಗರು ಇದನ್ನು ಓದಲೇಬೇಕು. ಇದನ್ನು ಭಾಷಾಕಲಹವೆಂದು ತಿಳಿಯುವುದಕ್ಕೂ ಆಧಾರವಿಲ್ಲ. ಅಧಿಕಾರಿಗಳೊಡನೆ ಕೈಜೋಡಿಸಿದ ಸ್ಥಳೀಯ ಬ್ರಾಹ್ಮಣ, ವೆಳ್ಳಾಳ ಭೂಒಡೆಯರಿಗೂ, ಅವರ ಲೆಕ್ಕ ಬರೆಯುವವರಿಗೂ ಕೂಟವು ಕಠಿನ ದಂಡನೆಯನ್ನು ವಿಧಿಸಿತು. ಅಂದಿನ ರೈತ ಕೇಳಿದ್ದು ಆಳುವವನ ನುಡಿ ಯಾವುದೆಂದಲ್ಲ, ಅವನ ಅಳತೆಗೋಲು ನೇರವಾಗಿದೆಯೆ ಎಂದು.