ಗುಜರಿಗೆ ಹೋದ ಕಂಪ್ಯೂಟರುಗಳು, ಹುಡುಕಿ ತಂದ ಬಿಡಿಭಾಗಗಳು

(ಹಳೆಯ ವಿದ್ಯಾರ್ಥಿ, ಎಸ್.ಎಸ್.ಎಲ್.ಸಿ. 2004ನೇ ಸಾಲು, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ನಾವು ಓದುವಾಗ ಅಂಚೆಚೀಟಿ, ಬೆಂಕಿಪೊಟ್ಟಣದ ಚಿತ್ರ, ಹಳೆಯ ನಾಣ್ಯ ಕೂಡಿಹಾಕುವ ಹುಚ್ಚು ಪ್ರತಿ ತರಗತಿಯಲ್ಲೂ ಒಬ್ಬಿಬ್ಬರಿಗೆ ಇದ್ದೇ ಇರುತ್ತಿತ್ತು. ಅಂಥವರಿಗೆ ಕೈಯಲ್ಲಿರುವ ತೊಂಬತ್ತೊಂಬತ್ತಕ್ಕಿಂತ ಇಲ್ಲದ ಒಂದರ ಮೇಲೆಯೇ ಕಣ್ಣು. ಹಳೆಯ ಕಂಪ್ಯೂಟರುಗಳನ್ನು ಇದೇ ರೀತಿ ಹುಡುಕಿ ಕೂಡಿಹಾಕುವವರೂ ಲೋಕದಲ್ಲಿದ್ದಾರೆ ಎಂದರೆ ಊರಿನ ಹಿರಿಯರಿಗೆ ನಗು ಬರಬಹುದು. ನಾನೂ ಆ ಗುಂಪಿನವನೇ. ದೊಡ್ಡ ಸಂಗ್ರಹವೇನೂ ಇಲ್ಲ, ಮನೆಯ ಅಟ್ಟದ ಮೇಲೆ ಐದಾರು ಯಂತ್ರಗಳಿವೆ. ರಜೆಯ ದಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನೂ ಗುಜರಿ ಮಳಿಗೆಗಳನ್ನೂ ಸುತ್ತುವ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಈ ಹುಡುಕಾಟದ ಇತಿಹಾಸವನ್ನು ಓದುತ್ತಾ ಹೋದಂತೆ ನನಗೆ ಮನದಟ್ಟಾದ ಸಂಗತಿ ಒಂದೇ. ಹಳೆಯ ವಸ್ತುವೊಂದು ಇಂದಿಗೂ ಉಳಿದಿದೆ ಎಂದರೆ, ಬಹುಪಾಲು ಸಂದರ್ಭಗಳಲ್ಲಿ ಅದಕ್ಕೆ ಕಾರಣ ಅದರ ಬೆಲೆಯಲ್ಲ; ಯಾರೋ ಒಬ್ಬರು ಅದನ್ನು ಎಸೆಯದೆ ಇಟ್ಟುಕೊಂಡದ್ದು. ಐವತ್ತು ತುಂಬಿದ ನಮ್ಮ ಶಾಲೆಗೂ ಈ ಮಾತು ಅನ್ವಯಿಸುತ್ತದೆ ಎಂಬ ಕಾರಣಕ್ಕೆ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಮೊದಲಿಗೆ ಕಂಪ್ಯೂಟರುಗಳು ಏಕೆ ಇಷ್ಟು ಬೇಗ ಕಾಣೆಯಾಗುತ್ತವೆ ಎಂಬುದನ್ನು ನೋಡೋಣ. ನೇಗಿಲು, ಒರಳು, ಬೀಸುವ ಕಲ್ಲು ಹಳೆಯದಾದರೂ ಮೂಲೆಯಲ್ಲಿ ಇರುತ್ತವೆ. ಕಂಪ್ಯೂಟರ್ ಹಾಗಲ್ಲ, ಹೊಸದು ಬಂದ ದಿನವೇ ಹಳೆಯದು ಜಾಗಕ್ಕೆ ಭಾರ. ಗುಜರಿಯವರು ಸರ್ಕ್ಯೂಟ್ ಬೋರ್ಡುಗಳನ್ನು ಕೆಜಿ ಲೆಕ್ಕದಲ್ಲಿ ಕೊಳ್ಳುತ್ತಾರೆ. ಅದರ ಸಂಪರ್ಕ ಬಿಂದುಗಳ ಮೇಲೆ ತೆಳುವಾದ ಚಿನ್ನದ ಲೇಪವಿರುತ್ತದೆ. ಹಳೆಯ ಬೋರ್ಡಾದಷ್ಟೂ ಲೇಪ ಹೆಚ್ಚು. ಹೀಗಾಗಿ ಯಾವುದು ಹೆಚ್ಚು ಹಳೆಯದೋ ಅದೇ ಮೊದಲು ಕರಗುತ್ತದೆ. ಉಳಿದವನ್ನು ಕಾಲ ಬಿಡುವುದಿಲ್ಲ. ಒಳಗಿನ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಫ್ಲಾಪಿಗಳಿಗೆ ಬೂಷ್ಟು ಹಿಡಿಯುತ್ತದೆ. ವರ್ಷಗಟ್ಟಲೆ ಮುಚ್ಚಿಟ್ಟ ಯಂತ್ರಕ್ಕೆ ಏಕಾಏಕಿ ಕರೆಂಟು ಕೊಟ್ಟರೆ ಅದರ ಹಳೆಯ ಕೆಪಾಸಿಟರ್ ಒಡೆದು ಹೊಗೆ ಬರುವುದೂ ಉಂಟು. ಆದ್ದರಿಂದ ಹಳೆಯ ಯಂತ್ರ ಸಿಕ್ಕ ಕೂಡಲೇ ಪ್ಲಗ್ ಹಾಕಬಾರದು ಎಂಬುದು ಈ ಹವ್ಯಾಸದ ಮೊದಲ ಪಾಠ.

ಹುಡುಕುವವರಲ್ಲಿ ಅತಿ ಹೆಚ್ಚು ಹೆಸರಾದದ್ದು ಆ್ಯಪಲ್-1. ಅಮೆರಿಕದ ಸ್ಟೀವ್ ವೊಜ್ನಿಯಾಕ್ 1976ರಲ್ಲಿ ವಿನ್ಯಾಸ ಮಾಡಿದ ಈ ಯಂತ್ರ ಬರಿಯ ಒಂದು ಬೋರ್ಡು. ಕೀಲಿಮಣೆ, ಪರದೆ, ಪೆಟ್ಟಿಗೆ ಎಲ್ಲವನ್ನೂ ಕೊಂಡವರೇ ಹೊಂದಿಸಿಕೊಳ್ಳಬೇಕಿತ್ತು. ತಯಾರಾದದ್ದು ಸುಮಾರು 200, ಬೆಲೆ 666 ಡಾಲರ್ 66 ಸೆಂಟ್. ಮುಂದಿನ ವರ್ಷ ಆ್ಯಪಲ್-2 ಬಂದಾಗ ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳಿ ಎಂದು ಕಂಪನಿಯೇ ಕರೆಯಿತು, ಹಿಂದಕ್ಕೆ ಬಂದವುಗಳನ್ನು ನಾಶಮಾಡಿತು. ಉಳಿದ ಕೆಲವೇ ಬೋರ್ಡುಗಳಲ್ಲಿ ಒಂದನ್ನು 2014ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯ ಹರಾಜಿನಲ್ಲಿ 9,05,000 ಡಾಲರಿಗೆ ಕೊಂಡಿತು. 2015ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಹಿಳೆಯೊಬ್ಬರು ತೀರಿಹೋದ ಗಂಡನ ಗ್ಯಾರೇಜು ಖಾಲಿ ಮಾಡುತ್ತಾ ಕೆಲವು ಪೆಟ್ಟಿಗೆಗಳನ್ನು ಗುಜರಿ ಸಂಸ್ಥೆಯೊಂದರಲ್ಲಿ ಇಟ್ಟು, ಹೆಸರು ವಿಳಾಸ ಏನನ್ನೂ ಹೇಳದೆ ಹೊರಟುಹೋದರು. ಪೆಟ್ಟಿಗೆ ಬಿಚ್ಚಿದರೆ ಒಳಗೆ ಆ್ಯಪಲ್-1! ಅದು 2 ಲಕ್ಷ ಡಾಲರಿಗೆ ಮಾರಾಟವಾಯಿತು. ಅರ್ಧ ಹಣ ನಿಮ್ಮದು, ಬಂದು ತೆಗೆದುಕೊಳ್ಳಿ ಎಂದು ಆ ಸಂಸ್ಥೆಯವರು ಪತ್ರಿಕೆಗಳ ಮೂಲಕ ಆಕೆಯನ್ನು ಹುಡುಕಬೇಕಾಯಿತು.

ದುಡ್ಡಿನ ಕಥೆ ಎಲ್ಲರಿಗೂ ರುಚಿಸುತ್ತದೆ. ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಇಂಗ್ಲೆಂಡಿನ ಕೊಲೊಸಸ್ ಕಥೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಗುಪ್ತ ಸಂದೇಶಗಳನ್ನು ಬಿಡಿಸಲು ಅಲ್ಲಿನ ಅಂಚೆ ಇಲಾಖೆಯ ಎಂಜಿನಿಯರ್ ಟಾಮಿ ಫ್ಲವರ್ಸ್ ಕಟ್ಟಿದ ಯಂತ್ರ ಅದು. ಅವರು ಗಾರೆ ಕೆಲಸದವರ ಮಗ, ದುಡಿಯುತ್ತಲೇ ಸಂಜೆ ತರಗತಿಯಲ್ಲಿ ಓದಿ ಎಂಜಿನಿಯರ್ ಆದವರು. ಸಾವಿರಾರು ವಾಲ್ವುಗಳಿರುವ ಯಂತ್ರ ಒಂದು ದಿನವೂ ನೆಟ್ಟಗೆ ಓಡಲಾರದು ಎಂದು ಹಲವರು ಹೇಳಿದ್ದರು. ವಾಲ್ವುಗಳು ಕೆಡುವುದು ಹೆಚ್ಚಾಗಿ ಹಾಕಿ ಆರಿಸುವಾಗ, ಹಚ್ಚಿದ್ದನ್ನು ಆರಿಸದೆ ಬಿಟ್ಟರೆ ಬಾಳುತ್ತವೆ ಎಂಬುದು ಟೆಲಿಫೋನ್ ಕೆಲಸದಲ್ಲಿ ಫ್ಲವರ್ಸ್ ಕಂಡುಕೊಂಡ ಸತ್ಯ. 1944ರಲ್ಲಿ ಮೊದಲ ಕೊಲೊಸಸ್ ಬ್ಲೆಚ್ಲಿ ಪಾರ್ಕಿನಲ್ಲಿ ಕೆಲಸ ಆರಂಭಿಸಿತು. ಕಾಗದದ ಪಟ್ಟಿಯ ಮೇಲಿನ ರಂಧ್ರಗಳನ್ನು ಸೆಕೆಂಡಿಗೆ 5,000 ಅಕ್ಷರಗಳ ವೇಗದಲ್ಲಿ ಅದು ಓದುತ್ತಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಇಂಥ ಹತ್ತು ಯಂತ್ರಗಳಿದ್ದವು.

ಯುದ್ಧ ಮುಗಿದ ಮೇಲೆ ಗುಟ್ಟು ಹೊರಬೀಳಬಾರದೆಂದು ಎಂಟನ್ನು ಬಿಚ್ಚಿಹಾಕಿದರು. ಉಳಿದ ಎರಡೂ 1960ರ ಸುಮಾರಿಗೆ ಹೋದವು. ನಕ್ಷೆಗಳನ್ನು ಸುಡಬೇಕೆಂದು ಆಜ್ಞೆಯಾಯಿತು. ಫ್ಲವರ್ಸ್ ತಾವೇ ಅವನ್ನು ಕುಲುಮೆಗೆ ಹಾಕಿದರು. ಸುಮಾರು ಮೂರು ದಶಕ ಈ ಯಂತ್ರದ ಸುದ್ದಿಯೇ ಲೋಕಕ್ಕೆ ತಿಳಿಯಲಿಲ್ಲ.

1993ರಲ್ಲಿ ಟೋನಿ ಸೇಲ್ ಎಂಬುವರು ಕೊಲೊಸಸ್ಸನ್ನು ಮತ್ತೆ ಕಟ್ಟುತ್ತೇನೆಂದು ಹೊರಟಾಗ ಅವರ ಕೈಯಲ್ಲಿದ್ದದ್ದು 1945ರಲ್ಲಿ ತೆಗೆದ ಎಂಟು ಫೋಟೋಗಳು, ಜೊತೆಗೆ ಕೆಲವು ಎಂಜಿನಿಯರುಗಳು ನಿಯಮ ಮೀರಿ ಮನೆಯಲ್ಲಿ ಉಳಿಸಿಕೊಂಡಿದ್ದ ಸರ್ಕ್ಯೂಟ್ ನಕ್ಷೆಯ ತುಣುಕುಗಳು. ಬಿಡಿಭಾಗ ಎಲ್ಲಿಂದ ತರುವುದು? ಅದೃಷ್ಟಕ್ಕೆ ಅದೇ ಕಾಲಕ್ಕೆ ಇಂಗ್ಲೆಂಡಿನ ಹಳೆಯ ಟೆಲಿಫೋನ್ ವಿನಿಮಯ ಕೇಂದ್ರಗಳನ್ನು ಕಿತ್ತು ಹೊಸ ಡಿಜಿಟಲ್ ಕೇಂದ್ರಗಳನ್ನು ಕೂರಿಸುತ್ತಿದ್ದರು. (ನಮ್ಮ ರಾಜ್ಯದ ಕಿತ್ತೂರಿನಲ್ಲಿ 1986ರಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಡಿಜಿಟಲ್ ಕೇಂದ್ರ ಬಂದದ್ದು ಹಿರಿಯರಿಗೆ ನೆನಪಿರಬಹುದು.) ಕೊಲೊಸಸ್ಸನ್ನು ಕಟ್ಟಿದ್ದೇ ಟೆಲಿಫೋನ್ ಸಾಮಾನಿನಿಂದ. ಹಾಗಾಗಿ ಗುಜರಿಗೆ ಹೊರಟಿದ್ದ ಆ ರ‍್ಯಾಕುಗಳು, ಸ್ವಿಚ್ಚುಗಳು, ರಿಲೇಗಳು ಹೊಸ ಕೊಲೊಸಸ್ಸಿಗೆ ಅಂಗಾಂಗಗಳಾದವು. ಯಂತ್ರ ಮೊದಲು ಚಾಲೂ ಆದದ್ದು 1996ರಲ್ಲಿ. ಪೂರ್ಣಗೊಂಡದ್ದು 2007ರಲ್ಲಿ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ. ಕಾಗದದ ಪಟ್ಟಿಯನ್ನು ಬೆಳಕಿನಿಂದ ಓದುವ ಭಾಗದ ವಿವರ ಯಾವ ನಕ್ಷೆಯಲ್ಲೂ ಪೂರ್ತಿ ಸಿಗಲಿಲ್ಲ. ಯುದ್ಧಕಾಲದಲ್ಲಿ ಅದನ್ನು ವಿನ್ಯಾಸ ಮಾಡಿದ್ದ ಡಾ. ಆರ್ನಾಲ್ಡ್ ಲಿಂಚ್ ಅವರನ್ನು ಸಂಪರ್ಕಿಸಿದಾಗ, ಎಂಬತ್ತರ ಹತ್ತಿರವಿದ್ದ ಆ ಹಿರಿಯರು ಅದನ್ನು ಮತ್ತೆ ರೂಪಿಸಿಕೊಟ್ಟರು. ಬಿಡಿಭಾಗ ಹುಡುಕಿದಂತೆ ಬಲ್ಲವರನ್ನೂ ಹುಡುಕಬೇಕು. ಬಿಡಿಭಾಗಕ್ಕೆ ಬದಲಿಯಾದರೂ ಸಿಕ್ಕೀತು, ಬಲ್ಲವರು ಹೋದರೆ ಸಿಗದು.

ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್‌ಸ್ಯಾಕ್ ಎಂಬ ಯಂತ್ರದ್ದೂ ಇಂಥದೇ ಕಥೆ. 1949ರ ಮೇ 6ರಂದು ಮೊದಲ ಲೆಕ್ಕ ಮಾಡಿದ ಅದನ್ನು 1958ರಲ್ಲಿ ಕಳಚಿ ವಿಲೇವಾರಿ ಮಾಡಿದರು. ಅದನ್ನು ಮತ್ತೆ ಕಟ್ಟುವ ಕೆಲಸ ಅರ್ಧಕ್ಕೆ ಬಂದಾಗ, 2014ರಲ್ಲಿ, 19 ಮೂಲ ನಕ್ಷೆಗಳು ದೊರೆತವು. ಐವತ್ತು ವರ್ಷಕ್ಕೂ ಹಿಂದೆ ಅಲ್ಲಿನ ಸಿಬ್ಬಂದಿಯೊಬ್ಬರು ಎಸೆಯಲು ಇಟ್ಟಿದ್ದ ಕಾಗದಗಳ ನಡುವಿನಿಂದ ಎತ್ತಿಟ್ಟುಕೊಂಡಿದ್ದರು. ಮರುವರ್ಷ ಅಮೆರಿಕದ ಪೆನ್ಸಿಲ್ವೇನಿಯಾದಿಂದ ಯಂತ್ರದ ಒಂದು ಮೂಲ ಚಾಸಿಯೇ ಮರಳಿ ಬಂತು.

ಒಂದು ಕಾಲೇಜಿನ ಮಕ್ಕಳು ಕಲಿತ ಯಂತ್ರದ ಕಥೆಯನ್ನೂ ಹೇಳಬೇಕು. 1951ರಲ್ಲಿ ಹಾರ್ವೆಲ್‌ನ ಅಣು ಸಂಶೋಧನಾ ಕೇಂದ್ರದಲ್ಲಿ ಕೆಲಸ ಆರಂಭಿಸಿದ ಕಂಪ್ಯೂಟರ್ ಒಂದನ್ನು, ಚೆನ್ನಾಗಿ ಬಳಸುತ್ತೇವೆಂದು ಯಾರು ಮನವರಿಕೆ ಮಾಡಿಕೊಡುತ್ತಾರೋ ಆ ಕಾಲೇಜಿಗೆ ಕೊಡುತ್ತೇವೆಂದು ಸ್ಪರ್ಧೆ ಇಟ್ಟರು. ವುಲ್ವರ್‌ಹ್ಯಾಂಪ್ಟನ್ನಿನ ಕಾಲೇಜು ಗೆದ್ದಿತು. 1973ರವರೆಗೆ ವಿದ್ಯಾರ್ಥಿಗಳು ಅದರ ಮೇಲೆ ಕಲಿತರು. ಆಮೇಲೆ ಬರ್ಮಿಂಗ್‌ಹ್ಯಾಮ್ ವಸ್ತುಸಂಗ್ರಹಾಲಯಕ್ಕೆ ಹೋಯಿತು. 1997ರಲ್ಲಿ ಅದು ಮುಚ್ಚಿದಾಗ ಯಂತ್ರವನ್ನು ಬಿಚ್ಚಿ ಉಗ್ರಾಣಕ್ಕೆ ಹಾಕಿದರು. ಎರಡೂವರೆ ಟನ್ ತೂಕದ ಯಂತ್ರ ಎಲ್ಲರ ಮನಸ್ಸಿನಿಂದಲೂ ಮರೆಯಾಯಿತು. ಹತ್ತು ವರ್ಷ ಕಳೆದ ಮೇಲೆ ಆ ಉಗ್ರಾಣದ ಯಾವುದೋ ಫೋಟೋದ ಹಿನ್ನೆಲೆಯಲ್ಲಿ ಅದರ ನಿಯಂತ್ರಣ ಫಲಕ ಬಲ್ಲವರೊಬ್ಬರ ಕಣ್ಣಿಗೆ ಬಿತ್ತು. ಬ್ಲೆಚ್ಲಿಗೆ ತಂದು ದುರಸ್ತಿ ಮಾಡಿ 2012ರ ನವೆಂಬರಿನಲ್ಲಿ ಮತ್ತೆ ಚಾಲೂ ಮಾಡಿದರು. ಮೂಲ ರೂಪದಲ್ಲೇ ಇಂದಿಗೂ ಓಡುವ ಅತ್ಯಂತ ಹಳೆಯ ಡಿಜಿಟಲ್ ಕಂಪ್ಯೂಟರ್ ಎಂಬ ಹೆಸರು ಅದಕ್ಕಿದೆ.

ಇನ್ನು ನಮ್ಮ ದೇಶದ ಕಡೆ ಬರೋಣ. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1955ರಲ್ಲಿ ಇಂಗ್ಲೆಂಡಿನಿಂದ ಬಂದ ಎಚ್‌ಇಸಿ-2ಎಂ ಭಾರತದ ಮೊದಲ ಡಿಜಿಟಲ್ ಕಂಪ್ಯೂಟರ್. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ತಂಡ ನಮ್ಮಲ್ಲೇ ಕಟ್ಟಿದ ಯಂತ್ರ 1960ರಲ್ಲಿ ಕೆಲಸಕ್ಕೆ ಬಂತು. 1962ರಲ್ಲಿ ಪ್ರಧಾನಿ ನೆಹರೂ ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟರು.

ಶಾಲೆಗಳಿಗೆ ಕಂಪ್ಯೂಟರ್ ಬಂದದ್ದು 1984-85ರಲ್ಲಿ, ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯ ಮೂಲಕ. ಮೊದಲ ಹಂತದಲ್ಲಿ 250 ಶಾಲೆಗಳಿಗೆ ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ ಕೊಟ್ಟರು. ಅದರ ಸ್ಮರಣಶಕ್ತಿ 32 ಕಿಲೋಬೈಟ್; ಇಂದು ವಾಟ್ಸಾಪಿನಲ್ಲಿ ಬರುವ ಒಂದು ಫೋಟೋಗೇ ಅದಕ್ಕಿಂತ ಹೆಚ್ಚು ಜಾಗ ಬೇಕು. ಆದರೆ ಅದನ್ನು ರೂಪಿಸಿದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರೇ ಮುಂದೆ ಎಆರ್‌ಎಂ ಎಂಬ ಪ್ರೊಸೆಸರನ್ನು ವಿನ್ಯಾಸ ಮಾಡಿದರು. ಇಂದು ನಮ್ಮ ನಿಮ್ಮ ಜೇಬಿನ ಮೊಬೈಲುಗಳಲ್ಲಿ ಇರುವುದು ಅದರ ಸಂತತಿಯೇ. ಇದೇ ಬಿಬಿಸಿ ಮೈಕ್ರೋವನ್ನು ಪಂಜಾಬಿನ ಮೊಹಾಲಿಯಲ್ಲಿದ್ದ ಸರ್ಕಾರಿ ಸಂಸ್ಥೆ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಜೋಡಿಸಿ ಯೂನಿಕಾರ್ನ್ ಎಂಬ ಹೆಸರಿನಲ್ಲಿ ಹೊರತಂದಿತು.

ನನ್ನ ಅಟ್ಟದ ಸಾಲಿನಲ್ಲಿ ಖಾಲಿ ಇರುವ ಜಾಗ ಈ ಯೂನಿಕಾರ್ನಿನದು. ಬಿಬಿಸಿ ಮೈಕ್ರೋ ಇಂಗ್ಲೆಂಡಿನಲ್ಲಿ ಇಂದಿಗೂ ಹುಡುಕಿದರೆ ಸಿಗುತ್ತದೆ. ನಮ್ಮ ಯೂನಿಕಾರ್ನ್ ಎಷ್ಟು ವಿಚಾರಿಸಿದರೂ ನನಗೆ ಸಿಕ್ಕಿಲ್ಲ. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಅಲ್ಲಿ ಜನ ತಮ್ಮ ದುಡ್ಡಿನಲ್ಲಿ ಕೊಂಡು ಮನೆಯಲ್ಲಿಟ್ಟರು, ಮಕ್ಕಳು ದೊಡ್ಡವರಾದ ಮೇಲೆ ಅದು ಅಟ್ಟ ಸೇರಿತು. ನಮ್ಮಲ್ಲಿ ಬಂದದ್ದು ಶಾಲೆಯ ದಾಸ್ತಾನಿಗೆ. ಸರ್ಕಾರದ ಸ್ವತ್ತನ್ನು ಯಾವ ಮೇಷ್ಟರೂ ಮನೆಗೆ ಒಯ್ಯುವಂತಿಲ್ಲ, ಒಯ್ಯಲೂಬಾರದು. ಕೆಟ್ಟರೆ ದಾಸ್ತಾನು ವಹಿಯಲ್ಲಿ ನಿರುಪಯುಕ್ತ ಎಂದು ಬರೆದು, ಒಟ್ಟುಗೂಡಿಸಿ ಹರಾಜು ಹಾಕಬೇಕು. ಇದರಲ್ಲಿ ಯಾರ ತಪ್ಪೂ ಇಲ್ಲ, ನಿಯಮವೇ ಹಾಗೆ. ಆದರೆ ಹರಾಜಿನಲ್ಲಿ ಎಲ್ಲವೂ ಒಂದೇ ಲಾರಿಯಲ್ಲಿ ಹೋದರೆ ಒಂದಾದರೂ ಉಳಿಯುವುದು ಹೇಗೆ?

ನಮ್ಮ ಶಾಲೆಗೆ ಇದು ಅನ್ವಯಿಸುವುದು ಇಲ್ಲಿಯೇ. 2001ರಲ್ಲಿ ಆರಂಭವಾದ ಮಾಹಿತಿ ಸಿಂಧು ಯೋಜನೆಯಿಂದ ರಾಜ್ಯದ ಎಷ್ಟೋ ಸರ್ಕಾರಿ ಪ್ರೌಢಶಾಲೆಗಳ ಮಕ್ಕಳು ಮೊದಲ ಬಾರಿಗೆ ಕಂಪ್ಯೂಟರ್ ಮುಟ್ಟಿದರು. ಚಪ್ಪಲಿ ಹೊರಗೆ ಬಿಟ್ಟು, ಒಂದು ಯಂತ್ರಕ್ಕೆ ನಾಲ್ಕೈದು ಜನ ಕೂತು, ಸರದಿಯ ಮೇಲೆ ಮೌಸ್ ಹಿಡಿದವರಲ್ಲಿ ನಾನೂ ಒಬ್ಬ. ಆ ದಪ್ಪ ಮಾನಿಟರುಗಳು ಹಿಂದಿನ ಕೊಠಡಿಯಲ್ಲಿ ಒಂದರ ಮೇಲೊಂದು ಕೂತಿವೆ. ಮಹೋತ್ಸವಕ್ಕೆ ಸುಣ್ಣಬಣ್ಣ ಮಾಡುವಾಗ ಆ ಕೊಠಡಿಯನ್ನೂ ಖಾಲಿ ಮಾಡುವ ಮಾತು ನಡೆದಿದೆ ಎಂದು ಕೇಳಿದ್ದೇನೆ. ಅಲ್ಲೇ ಮೂಲೆಯಲ್ಲಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚು ಹಾಕುತ್ತಿದ್ದ ಸೈಕ್ಲೋಸ್ಟೈಲ್ ಯಂತ್ರವೂ ಇದೆ.

ಮುಖ್ಯೋಪಾಧ್ಯಾಯರಲ್ಲಿ, ಎಸ್.ಡಿ.ಎಂ.ಸಿ. ಸದಸ್ಯರಲ್ಲಿ ನನ್ನ ಬಿನ್ನಹ ಇಷ್ಟೇ. ಎಲ್ಲವನ್ನೂ ಇಟ್ಟುಕೊಳ್ಳಿ ಎನ್ನುವುದಿಲ್ಲ, ಜಾಗ ಬೇಕು, ನಿಯಮವೂ ಇದೆ. ಪ್ರತಿಯೊಂದು ಬಗೆಯಲ್ಲಿ ಒಂದೊಂದನ್ನು, ಪೂರ್ತಿ ಜೊತೆಯಾಗಿ ಉಳಿಸೋಣ: ಮಾನಿಟರ್, ಕೀಲಿಮಣೆ, ಮೌಸ್, ಯುಪಿಎಸ್, ಜೊತೆಗೆ ಬಂದಿದ್ದ ಪುಸ್ತಕ ಮತ್ತು ಸಿ.ಡಿ. ದಾಸ್ತಾನು ವಹಿಯಲ್ಲಿ ಅವನ್ನು ಪ್ರದರ್ಶನಕ್ಕೆ ಇಟ್ಟದ್ದು ಎಂದು ಇಲಾಖೆಯ ಅನುಮತಿ ಪಡೆದು ನಮೂದಿಸೋಣ. ಸೈಕ್ಲೋಸ್ಟೈಲಿಗೆ ಸ್ಟೆನ್ಸಿಲ್ ಏರಿಸಿ, ಶಾಯಿ ಹಚ್ಚಿ, ಹಿಡಿ ತಿರುಗಿಸಿದ ನಮ್ಮ ಅಟೆಂಡರ್ ಅಣ್ಣ ಈಗಲೂ ಊರಲ್ಲೇ ಇದ್ದಾರೆ. ಅವರನ್ನು ಕೂರಿಸಿಕೊಂಡು ಅದನ್ನು ನಡೆಸುವ ಬಗೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಕಂಪ್ಯೂಟರ್ ಕೊಠಡಿಯಲ್ಲಿ ಕಲಿಸಿದ ಗುರುಗಳಿಂದಲೂ ಎರಡು ಪುಟ ಬರೆಸಬೇಕು.

ಗಾಜಿನ ಬಾಗಿಲಿನ ಒಂದು ಬೀರುವನ್ನು ನಮ್ಮ 2004ನೇ ಸಾಲಿನ ಗೆಳೆಯರು ಸೇರಿ ಕೊಡಿಸುತ್ತೇವೆ. ಬರುವ ದಸರಾ ರಜೆಯಲ್ಲಿ ನಾಲ್ಕು ದಿನ ಊರಿಗೆ ಬಂದು ಆ ಯಂತ್ರಗಳ ಧೂಳು ತೆಗೆದು, ಬ್ಯಾಟರಿ ಕಳಚಿ, ಪಟ್ಟಿ ಮಾಡಿಕೊಡುವ ಕೆಲಸ ನನ್ನದು. ಅಲ್ಲಿಯವರೆಗೆ ಆ ಕೊಠಡಿಯ ಬೀಗ ತೆಗೆಯದಿದ್ದರೆ ಸಾಕು.