ಜಗಲಿಯೂ ಅಂಗಳವೂ

ದಕ್ಷಿಣ ಕನ್ನಡ ಮತ್ತು ಉಡುಪಿ ಸೀಮೆಯ ಹಳೆಯ ಮನೆಗಳನ್ನು ಕುರಿತು ಬರೆದವರು ಬಹುಮಟ್ಟಿಗೆ ಅವುಗಳ ಕೆತ್ತನೆಯ ಕಂಬಗಳನ್ನೂ ಹೆಬ್ಬಾಗಿಲಿನ ಗಾಂಭೀರ್ಯವನ್ನೂ ವರ್ಣಿಸಿ ಸುಮ್ಮನಾಗುವುದುಂಟು. ಆ ಮನೆಗಳಲ್ಲಿ ಹುಟ್ಟಿ ಬಾಳಿದವರಾದರೋ ತಮ್ಮ ಹಗಲಿನ ಬಹುಭಾಗವನ್ನು ಸೂರಿನ ಕೆಳಗಣ ಜಗಲಿಯಲ್ಲಿ, ಇಲ್ಲವೆ ಅದರ ಮುಂದಣ ಅಂಗಳದಲ್ಲಿ ಕಳೆದರು. ಒಳಗಿನ ಕೋಣೆಗಳು ಚಿಕ್ಕವು, ಕತ್ತಲೆಯವು. ಭತ್ತಕ್ಕೆ, ಪಾತ್ರೆಪಡಗಕ್ಕೆ, ದೇವರಿಗೆ, ಬಾಣಂತಿಗೆ ಮೀಸಲಾದವು. ಕರಾವಳಿಯಲ್ಲಿ ಮನೆಯೆಂದರೆ ಜಗಲಿಯೇ, ಕೋಣೆಗಳು ಅದರ ಬೆನ್ನಿಗೆ ಕಟ್ಟಿದ ಉಗ್ರಾಣಗಳು ಎಂದರೆ ಅತಿಶಯೋಕ್ತಿಯಾಗಲಾರದೆಂದು ನಾನು ನಂಬಿದ್ದೇನೆ.

ಇದಕ್ಕೆ ಕಾರಣ ಹವೆಯಲ್ಲಿದೆ. ವಿಜಯಪುರ, ಕಲಬುರ್ಗಿಗಳ ಕಡೆ ಬಿಸಿಲು ಉರಿಯುವುದಾದರೂ ಗಾಳಿ ಒಣಗಿದುದಾದ್ದರಿಂದ ಇರುಳಿನಲ್ಲಿ ನೆಲವೂ ಗೋಡೆಯೂ ಬೇಗ ತಣಿಯುತ್ತವೆ. ಅಲ್ಲಿಯ ಮಾಳಿಗೆ ಮನೆ ದಪ್ಪ ಗೋಡೆಯಿಂದಲೂ ಕಿರಿದಾದ ಕಿಂಡಿಗಳಿಂದಲೂ ಹಗಲಿನ ತಾಪವನ್ನು ಹೊರಗೇ ತಡೆದು ನಿಲ್ಲಿಸುತ್ತದೆ. ಕಡಲ ತಡಿಯಲ್ಲಿ ಆ ಉಪಾಯ ಸಾಗದು. ಮಂಗಳೂರಿನಲ್ಲಿ ಜುಲೈ ತಿಂಗಳೊಂದರಲ್ಲೇ ಸುಮಾರು 1,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಆ ದಿನಗಳಲ್ಲಿ ಹಗಲಿಗೂ ಇರುಳಿಗೂ ಇರುವ ಉಷ್ಣತೆಯ ಅಂತರ 6 ಡಿಗ್ರಿಯ ಆಸುಪಾಸು ಮಾತ್ರ. ಗಾಳಿಯೇ ನೀರಿನಿಂದ ತುಂಬಿರುವಾಗ ಮೈಯ ಬೆವರು ಆರಬೇಕಾದರೆ ಗಾಳಿ ಚಲಿಸುತ್ತಿರಬೇಕು. ತಲೆಯ ಮೇಲೆ ನೆರಳೂ ಮಗ್ಗುಲಲ್ಲಿ ಗಾಳಿಗೆ ತೆರವೂ ಒಮ್ಮೆಗೇ ದೊರೆಯುವ ಸ್ಥಳವೆಂದರೆ ಗೋಡೆಯಿಲ್ಲದ, ಮಾಡು ಮಾತ್ರವುಳ್ಳ ಜಗಲಿ.

ಆ ಜಗಲಿಯನ್ನು ಕಟ್ಟಿದ ರೀತಿಯಲ್ಲಿ ಗಾಢವಾದ ವಿವೇಕವಿದೆ. ನೆಲದಲ್ಲಿರುವಾಗ ಮೆತ್ತಗಿದ್ದು ಕಡಿದು ತೆಗೆದು ಗಾಳಿಗೊಡ್ಡಿದ ಮೇಲೆ ಗಟ್ಟಿಯಾಗುವ ಮುರಕಲ್ಲಿನ ಗುಣವನ್ನು ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಲೋಕಕ್ಕೆ ವಿವರಿಸಿದನು. ಇಲ್ಲಿಯ ಕೆಲಸಗಾರರಿಗೆ ಅದು ಅದಕ್ಕೂ ಬಹುಕಾಲ ಮುಂಚಿನಿಂದ ಕೈಗತವಾದ ವಿದ್ಯೆಯಾಗಿದ್ದಿತು. ಅದೇ ಕಲ್ಲಿನಿಂದ ಅಂಗಳದ ನೀರು ಏರದಷ್ಟು ಎತ್ತರಕ್ಕೆ ಅಡಿಪಾಯ ಎತ್ತಿ, ಮೇಲೆ ಮುಳಿಹುಲ್ಲು ಇಲ್ಲವೆ ಅಡಕೆಯ ಸೋಗೆ ಹೊದಿಸಿದ ಕಡಿದಾದ ಮಾಡನ್ನು ಕಂಬಗಳಾಚೆಗೂ ಇಳಿಯಬಿಡುತ್ತಿದ್ದರು. ತಲೆ ಬಗ್ಗಿಸಿಯೇ ಒಳಬರಬೇಕಾದ ಆ ತಗ್ಗಿನ ಸೂರು ಎರಚಲನ್ನು ತಡೆಯುತ್ತಿದ್ದಿತು. ಇಳಿಹೊತ್ತಿನ ಓರೆಬಿಸಿಲು ಗೋಡೆಯನ್ನು ಮುಟ್ಟದಂತೆಯೂ ಕಾಯುತ್ತಿದ್ದಿತು. ಅಂಚಿನ ಚಿಟ್ಟೆಯ ಮೇಲೆ ಕುಳಿತು ಕಂಬಕ್ಕೆ ಒರಗಬಹುದು. ಕೆಲವು ಮನೆಗಳಲ್ಲಿ ಮರದ ದಳಿಗಳು ಗಾಳಿಯನ್ನು ಒಳಬಿಟ್ಟು ದನಕರುಗಳನ್ನು ಹೊರಗಿಡುತ್ತಿದ್ದವು. ಪಡುಗಾಳಿ ಜೋರಾದ ತಿಂಗಳುಗಳಲ್ಲಿ ಆ ಬದಿಗೆ ಹೆಣೆದ ಮಡಲಿನ ತಟ್ಟಿ ಕಟ್ಟುವರು. ಮಳೆ ಹಿಂದೆಗೆದೊಡನೆ ಬಿಚ್ಚುವರು.

ಅಂಗಳಕ್ಕೆ ಒಂದು ವಾರ್ಷಿಕ ಜೀವನವೇ ಉಂಟು. ಆಶ್ವೀಜದ ಹೊತ್ತಿಗೆ ಮಳೆ ಹಿಂದೆಗೆದ ಮೇಲೆ, ನಾಲ್ಕು ತಿಂಗಳು ಹುಲ್ಲು ಬೆಳೆದು ಹಾವಸೆ ಕಟ್ಟಿದ ನೆಲವನ್ನು ಕೆತ್ತಿ, ಹೊಸ ಮಣ್ಣು ಹರಡಿ, ನೀರು ಚಿಮುಕಿಸಿ, ಬಡಿದು ಮಟ್ಟಮಾಡಿ, ಸೆಗಣಿ ಸಾರಿಸುವುದು ಮನೆಮಂದಿಯೂ ಆಳುಗಳೂ ಕೂಡಿ ಮಾಡತಕ್ಕ ಕೆಲಸ. ಮಳೆಗಾಲದ ಏಣೆಲು ಬೆಳೆಯ ಪೈರು ಕೊಯ್ದು ತಂದು ಪಡಿಮಂಚಕ್ಕೆ ಬಡಿದು ಭತ್ತ ಉದುರಿಸುವುದು ಅಲ್ಲಿ, ತೂರುವುದು ಅಲ್ಲಿ, ಕುಚ್ಚಲಿಗಾಗಿ ಬೇಯಿಸಿದ ಭತ್ತ ಹರಡುವುದು ಅಲ್ಲಿ, ಬೈಹುಲ್ಲಿನಲ್ಲಿ ಅಕ್ಕಿಮುಡಿ ಕಟ್ಟುವುದೂ ಅಲ್ಲಿಯೇ. ಹಣ್ಣಡಕೆ ಚಾಲಿಯಾಗಬೇಕಾದರೆ 40ರಿಂದ 45 ದಿನಗಳ ಬಿಸಿಲು ಬೇಕು. ಆದುದರಿಂದ ತೋಟದವರ ಮನೆಗಳಲ್ಲಿ ಮಾಗಿ ಕಳೆಯುವವರೆಗೆ ಅಂಗಳವೆಲ್ಲ ಅಡಕೆಯದೇ. ಬೇಸಗೆ ಬಲಿತಂತೆ ಚಾಪೆಗಳ ಮೇಲೆ ಹಲಸಿನ ಹಪ್ಪಳ ಒಣಗುವುವು. ಮದುವೆಯಾದರೆ ಅಡಕೆಮರದ ಕಂಬ ನೆಟ್ಟು ಮಡಲು ಹೊದಿಸಿದ ಚಪ್ಪರ ಏಳುವುದು. ಹರಕೆ ಹೊತ್ತ ಮನೆಯ ಅಂಗಳವು ಒಂದಿರುಳು ಯಕ್ಷಗಾನದ ರಂಗಸ್ಥಳವಾಗುವುದು. ಈ ಬಯಲಿನ ಬಾಳಿಗೆ ತುಳುನಾಡಿನ ಪಂಚಾಂಗವೇ ಎಲ್ಲೆ ಹಾಕಿದೆ: ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ 24ರ ಸುಮಾರಿಗೆ ಬರುವ ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲನೇಮಗಳು ನಿಲ್ಲುತ್ತವೆ. ಆಮೇಲೆ ಮಣ್ಣು ಕೊಚ್ಚಿಹೋಗದಂತೆ ಅಂಗಳಕ್ಕೆ ಸೋಗೆ ಹಾಸುವರು. ಆಟಿ ತಿಂಗಳ ವೇಷಧಾರಿಯಾದ ಆಟಿ ಕಳೆಂಜ ಆ ಒದ್ದೆ ಅಂಗಳಕ್ಕೇ ಬಂದು ಕುಣಿದುಹೋದರೂ, ಉಳಿದ ಬದುಕೆಲ್ಲ ಜಗಲಿಗೆ ಏರುತ್ತದೆ. ಬಯಲಾಟದ ಕಲಾವಿದರೂ ಚಿಕ್ಕಮೇಳ ಕಟ್ಟಿಕೊಂಡು ಸಂಜೆಯ ಹೊತ್ತು ಮನೆಮನೆಯ ಚಾವಡಿಯಲ್ಲಿ ಗಳಿಗೆ ಹೊತ್ತಿನ ಪ್ರಸಂಗವಾಡುತ್ತಾರೆ. ಆರು ತಿಂಗಳು ಮುಗಿಲಿನ ಕೆಳಗೆ, ಆರು ತಿಂಗಳು ಸೂರಿನ ಕೆಳಗೆ ಬಾಳುವ ಈ ಕ್ರಮದಷ್ಟು ಋತುಮಾನಕ್ಕೆ ವಿಧೇಯವಾದ ಗೃಹರಚನೆಯನ್ನು ನಾನು ಬೇರೆ ಕಾಣೆ.

ಇಷ್ಟು ಹೊಗಳಿದ ಮೇಲೆ ಮುಚ್ಚಿಡಬಾರದ ಇನ್ನೊಂದು ಸಂಗತಿಯುಂಟು. ಅಂಗಳದಿಂದ ಜಗಲಿಗೆ, ಜಗಲಿಯಿಂದ ಚಾವಡಿಗೆ ಏರುವ ಮೆಟ್ಟಿಲುಗಳು ಜಾತಿಯ ಅಳತೆಗೋಲುಗಳೂ ಆಗಿದ್ದವು. ಗೇಣಿಯ ಭತ್ತ ಹೊತ್ತು ತಂದ ಒಕ್ಕಲು ಅಂಗಳದಲ್ಲೇ ನಿಂತು ಅಳೆಸಿಕೊಡಬೇಕಿತ್ತು. ಅಂಗಳವನ್ನು ಬಡಿದು ಮಟ್ಟಮಾಡಿದವರಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗೆ ಅದರ ಅಂಚನ್ನು ದಾಟುವ ಅಧಿಕಾರವೂ ಇರಲಿಲ್ಲ. ತೆರೆದ ಜಗಲಿ ಗಾಳಿಗೆ ತೆರೆದುಕೊಂಡಷ್ಟು ಮನುಷ್ಯನಿಗೆ ತೆರೆದುಕೊಳ್ಳಲಿಲ್ಲ. ಆ ಸೌಂದರ್ಯವನ್ನು ನೆನೆಯುವವರು ಈ ಅನ್ಯಾಯವನ್ನೂ ಅದರೊಡನೆಯೇ ನೆನೆಯತಕ್ಕದ್ದು.

ಮಾಡಿನ ಚರಿತ್ರೆಯಲ್ಲಿ ದೊಡ್ಡ ತಿರುವು 1865ರಲ್ಲಿ ಬಂದಿತು. 1834ರಿಂದ ಮಂಗಳೂರಿನಲ್ಲಿ ನೆಲೆಸಿದ್ದ ಬಾಸೆಲ್ ಮಿಶನ್ನಿನವರು ಆ ವರ್ಷ ಜಾರ್ಜ್ ಪ್ಲೆಬ್ಸ್ಟ್ ಎಂಬಾತನ ಮುಂದಾಳುತನದಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನದಿಬಯಲಿನ ಆವೆಮಣ್ಣಿನಿಂದ ಒತ್ತಿ ಸುಟ್ಟ, ಒಂದಕ್ಕೊಂದು ಕೊಂಡಿಯಂತೆ ಕೂಡುವ ಆ ಕೆಂಪು ಹಂಚು ಕ್ರಮೇಣ ಪೂರ್ವ ಆಫ್ರಿಕಾದವರೆಗೂ ಹೋಯಿತು. ವರ್ಷವರ್ಷವೂ ಹುಲ್ಲು ಹೊದಿಸುವ ಶ್ರಮವೂ ಬೆಂಕಿಯ ಭೀತಿಯೂ ತಪ್ಪಿದವು. ಪಕ್ಕಾಸು, ರೀಪುಗಳ ಮೇಲೆ ಮಾಡು ಎತ್ತರಕ್ಕೆ ಏರಿತು. ಹಂಚುಗಳ ಸಂದಿನಿಂದ ಬಿಸಿಗಾಳಿ ಮೇಲಕ್ಕೆ ಸರಿದುಹೋಗುತ್ತಿದ್ದುದರಿಂದ ಜಗಲಿಯ ಗುಣ ಕೆಡಲಿಲ್ಲ. ಹೊರನಾಡಿನ ಯಂತ್ರವಿದ್ಯೆಯು ಇಲ್ಲಿಯ ಹಳೆಯ ಕ್ರಮವನ್ನು ಮುರಿಯದೆ ಅದಕ್ಕೆ ಬಲ ಕೊಟ್ಟ ನಿದರ್ಶನ ಇದು.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರನು ಭೂಮಿಗೆ ಒಡೆಯನಾದನು, ಅದು ನ್ಯಾಯವೇ. ಗೇಣಿಯ ಭತ್ತ ಬಾರದ ದೊಡ್ಡ ಮನೆಗಳು ಒಂದೊಂದಾಗಿ ಬಿಚ್ಚಿಹೋದವು. ಮಣಿಪಾಲದ ವಿಜಯನಾಥ ಶೆಣೈ ಅವರು ಮೀಯಾರು ಮನೆ, ಕುಂಜೂರು ಚೌಕಿ ಮನೆ ಮೊದಲಾದುವನ್ನು ಬಿಚ್ಚಿ ತಂದು ಮರಳಿ ಜೋಡಿಸದೆ ಇದ್ದಿದ್ದರೆ ನಮಗೆ ನೋಡಲು ಅವೂ ಉಳಿಯುತ್ತಿರಲಿಲ್ಲ. ಬಿಚ್ಚಿಹೋದ ಮನೆಗಳ ಸ್ಥಾನದಲ್ಲಿ ಎದ್ದ ಕಾಂಕ್ರೀಟು ಮನೆಗಳಲ್ಲಿ ಜಗಲಿಯು ಎರಡು ಕುರ್ಚಿ ಹಿಡಿಸುವಷ್ಟು ಕುಗ್ಗಿ ಕಬ್ಬಿಣದ ಸರಳುಗಳ ಹಿಂದೆ ಸೇರಿದೆ. ಅಂಗಳಕ್ಕೆ ಹಾಸಿದ ಸಿಮೆಂಟು ಬಿಲ್ಲೆಗಳು ಹಗಲೆಲ್ಲ ಕಾದು ಸಂಜೆ ಆ ಕಾವನ್ನು ಮನೆಯತ್ತ ಬೀರುತ್ತವೆ, ಬಾವಿಗೆ ಇಳಿಯಬೇಕಾದ ನೀರನ್ನು ಬೀದಿಗೆ ಕಳುಹಿಸುತ್ತವೆ. ಸೋರುವ ತಾರಸಿಯ ಮೇಲೆ ಊರೂರಲ್ಲೂ ಈಗ ತಗಡಿನ ಇಳಿಜಾರು ಮಾಡು ಏರುತ್ತಿದೆ. ಈ ಮಳೆಯ ನಾಡಿಗೆ ಯಾವ ಮಾಡು ಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮನೆ ಕಟ್ಟಲು ಹೊರಟಿರುವ ಕರಾವಳಿಯ ಬಂಧುಗಳಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ನಕ್ಷೆ ಬರೆಯಿಸುವ ಮುನ್ನ ಒಂದು ಮಳೆಗಾಲ ನಿವೇಶನದಲ್ಲಿ ನಿಂತು ಗಾಳಿ ಎತ್ತಣಿಂದ ಬರುವುದೆಂದು ನೋಡಿಕೊಳ್ಳಿ; ಒಂದು ಕೋಣೆ ಕಡಮೆಯಾದರೂ ಚಿಂತೆಯಿಲ್ಲ, ಹತ್ತು ಜನ ಕೂರುವಷ್ಟು ಜಗಲಿಗೆ ಅಗಲ ಕೊಡಿ; ಅಂಗಳದ ಮಣ್ಣನ್ನು ಮಣ್ಣಾಗಿಯೇ ಬಿಡಿ; ಬಂದವರು ಯಾರೇ ಆಗಲಿ, ಕರೆದು ಜಗಲಿಯ ಮೇಲೆ ಕೂರಿಸಿ.