ನಂದಗುಡಿ ಸೀಮೆಯ ನೀರು ಮತ್ತು ವಿದ್ಯುಚ್ಛಕ್ತಿ: ಒಂದು ಐತಿಹಾಸಿಕ ವಿವೇಚನೆ

ಅಭಿವೃದ್ಧಿಶೀಲ ರಾಷ್ಟ್ರಗಳು ಸೂರ್ಯ, ಗಾಳಿ, ಜಲ ಮುಂತಾದ ಬತ್ತದ ಮೂಲಗಳಿಂದ ಶಕ್ತಿಯನ್ನು ಪಡೆಯುವಂತೆಯೂ, ಹವಾಮಾನದ ವೈಪರೀತ್ಯವನ್ನು ತಾಳಿಕೊಳ್ಳುವಂತೆಯೂ ನೆರವು ನೀಡಬೇಕೆಂಬುದು ಇಂದು ಸರ್ವಸಮ್ಮತವಾದ ಮಾತು. ನೆರವೆಂದರೆ ಧನ ಮತ್ತು ಯಂತ್ರ ಮಾತ್ರವೇ? ಈ ಪ್ರಶ್ನೆಯನ್ನು ಹೊಸಕೋಟೆ ತಾಲ್ಲೂಕಿನ ನಂದಗುಡಿ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಕಡೆಯಿಂದ ಹೊಸಕೋಟೆಯತ್ತ ಬರುವ ದಕ್ಷಿಣ ಪಿನಾಕಿನಿಯೂ ಮಳೆಯನ್ನೇ ನಂಬಿದ ಹೊಳೆ. ಆದುದರಿಂದ ಇಲ್ಲಿಯ ಬೇಸಾಯಕ್ಕೆ ಕೆರೆಯೇ ಆಧಾರವಾಗಿತ್ತು. ಹೊಸಕೋಟೆಯ ದೊಡ್ಡ ಕೆರೆಯನ್ನು 16ನೆಯ ಶತಮಾನದ ಅಂತ್ಯದಲ್ಲಿ ಸುಗಟೂರಿನ ಪಾಳೆಯಗಾರರು ಕಟ್ಟಿಸಿದರೆಂದು ಪ್ರತೀತಿ. ಕೆರೆ ಕಟ್ಟಿಸುವುದರೊಡನೆ ಅದನ್ನು ಕಾಪಾಡುವ ಏರ್ಪಾಡೂ ಇದ್ದಿತೆಂಬುದು ಗಮನಾರ್ಹ. ನೆರೆಯ ಕೋಲಾರ ಸೀಮೆಯ ಶಾಸನಗಳಲ್ಲಿ ಬರುವ 'ಬಿತ್ತುವಟ್ಟ', 'ಕಟ್ಟುಕೊಡಗೆ' ಎಂಬ ಭೂದತ್ತಿಗಳು ಕೆರೆಯ ನಿರ್ಮಾಣಕ್ಕೂ ರಕ್ಷಣೆಗೂ ಸಂಬಂಧಿಸಿದವು. ತೂಬನ್ನು ತೆರೆದು ಅಚ್ಚುಕಟ್ಟಿಗೆ ನೀರು ಹಂಚುವ ಹೊಣೆ ನೀರುಗಂಟಿಯದಾಗಿತ್ತು.

ವಿದ್ಯುತ್ತಿನ ಇತಿಹಾಸವೂ ಇದೇ ತತ್ತ್ವವನ್ನು ತೋರಿಸುತ್ತದೆ. 1902ರಲ್ಲಿ ಶಿವನಸಮುದ್ರದ ಜಲಶಕ್ತಿಯು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಯಂತ್ರಗಳು ವಿದೇಶದಿಂದ ಬಂದುವು. ಆದರೆ ಯೋಜನೆಯನ್ನು ಕೈಗೊಂಡುದು ಮೈಸೂರು ಸರ್ಕಾರ. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಹಳ್ಳಿಯ ಸರದಿ ಬಹುಕಾಲದ ಅನಂತರ ಬಂದಿತು.

ಹಳ್ಳಿಗೆ ವಿದ್ಯುತ್ತು ಬಂದ ಮೇಲೆ ಕೊಳವೆಬಾವಿಯೂ ಬಂದಿತು. ನೀರು ಪ್ರತಿಯೊಬ್ಬನ ಹೊಲದಲ್ಲಿಯೇ ದೊರೆತಾಗ, ಊರೆಲ್ಲ ಸೇರಿ ಕೆರೆಯ ಹೂಳೆತ್ತುವ ಅಗತ್ಯ ಕಾಣದಾಯಿತು. 2008ರಿಂದ 10 ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ ರಾಜ್ಯವು ಉಚಿತವಾಗಿ ವಿದ್ಯುತ್ತನ್ನು ಒದಗಿಸಿತು. ಬಡ ರೈತನಿಗೆ ಇದರಿಂದಾದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೊಸಕೋಟೆ ತಾಲ್ಲೂಕು ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಗೆ ಸೇರಿದೆ.

ಈಗ ಸೌರ ಪಂಪುಗಳ ಕಾಲ. ಕೇಂದ್ರ ಸರ್ಕಾರದ ಕುಸುಮ್ ಯೋಜನೆಯು 2019ರಲ್ಲಿ ಆರಂಭವಾಯಿತು. ಬಿಸಿಲಿಗೆ ಬೆಲೆಯಿಲ್ಲ, ಹೊಗೆಯೂ ಇಲ್ಲ. ಆದರೆ ಬೆಲೆಯಿಲ್ಲದ ಶಕ್ತಿಯಿಂದ ಎತ್ತಿದ ನೀರಿಗೆ ಮಿತಿಯೂ ಇಲ್ಲದಿದ್ದರೆ, ಶುದ್ಧ ಶಕ್ತಿಯೇ ಬರಗಾಲಕ್ಕೆ ದಾರಿ ಮಾಡಿಕೊಡುವ ಸಂಭವವುಂಟು. ಈ ಅಪಾಯಕ್ಕೊಂದು ಪರಿಹಾರವನ್ನು 2014ರಲ್ಲಿ ರೂಪುಗೊಂಡ 'ಸೂರ್ಯರೈತ' ಯೋಜನೆ ಸೂಚಿಸಿತು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಪ್ರಯೋಗಕ್ಕೆ ಬಂದ ಈ ಯೋಜನೆಯಂತೆ, ರೈತನು ಬಳಸಿ ಉಳಿಸಿದ ವಿದ್ಯುತ್ತನ್ನು ಸರಬರಾಜು ಜಾಲಕ್ಕೆ ಮಾರಬಹುದಾಗಿತ್ತು. ಮಿತವ್ಯಯವೇ ಅವನಿಗೆ ಆದಾಯ. ಕೆರೆಗಳ ವಿಷಯದಲ್ಲಿಯೂ, 2002ರಲ್ಲಿ ವಿಶ್ವಬ್ಯಾಂಕಿನ ಸಾಲ ಪಡೆದ ಜಲಸಂವರ್ಧನೆ ಯೋಜನೆಯು ಕೆರೆ ಬಳಕೆದಾರರ ಸಂಘಗಳ ಮೂಲಕವೇ ಜೀರ್ಣೋದ್ಧಾರವನ್ನು ಉದ್ದೇಶಿಸಿತ್ತು.

ಹೊರಗಿನ ನೆರವು ಏರಿಯನ್ನು ಎತ್ತರಿಸಬಲ್ಲುದು, ಸೌರಫಲಕವನ್ನು ನಿಲ್ಲಿಸಬಲ್ಲುದು. ತೂಬಿನ ಬಳಿ ನಿಂತು ಯಾರಿಗೆಷ್ಟು ನೀರೆಂದು ಹೇಳುವ ಅಧಿಕಾರವನ್ನು ಊರೇ ಉಂಟುಮಾಡಿಕೊಳ್ಳಬೇಕು. ನಂದಗುಡಿ ಸೀಮೆಗೆ ಬರುವ ಪ್ರತಿಯೊಂದು ಸೌರ ಪಂಪಿನೊಡನೆ ನೀರುಗಂಟಿಯ ಹೊಣೆಯೂ ಹೊಸ ರೂಪದಲ್ಲಿ ಮರಳಿ ಬರಬೇಕೆಂಬುದು ನಮ್ಮ ಅಭಿಪ್ರಾಯ.